ಬುದ್ಧಿಗಿಂತ ಮೊದಲೇ ಎಚ್ಚರಗೊಳ್ಳುವ ಬೆನ್ನುಹುರಿ

(ಪಾಲಾರ್ ಭಾಗದ ಗ್ರಾಮಸ್ಥರಿಗಾಗಿ ನಡೆದ ಆರೋಗ್ಯ ತಿಳಿವಳಿಕೆ ಕಾರ್ಯಕ್ರಮದಲ್ಲಿ ಶುಶ್ರೂಷಾ ಬೋಧಕಿಯೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)





ತಾಳಬೆಟ್ಟದಿಂದ ಮೇಲಕ್ಕೆ ಬರಿಗಾಲಲ್ಲಿ ಬೆಟ್ಟ ಹತ್ತುವವರನ್ನು ನೀವೆಲ್ಲ ನೋಡಿದ್ದೀರಿ. ನಿಮ್ಮಲ್ಲಿ ಅನೇಕರು ಹತ್ತಿಯೂ ಇದ್ದೀರಿ. ದಾರಿಯಲ್ಲಿ ಒಂದು ಜಾಲಿ ಮುಳ್ಳು ಕಾಲಿಗೆ ಚುಚ್ಚಿತು ಎಂದು ಇಟ್ಟುಕೊಳ್ಳಿ. ಆಗ ಏನೇನಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೆನಪಿಸಿಕೊಳ್ಳಿ. ಮೊದಲು ಕಾಲು ತಾನಾಗಿ ಮೇಲಕ್ಕೆ ಬರುತ್ತದೆ. ಇನ್ನೊಂದು ಕಾಲು ಗಟ್ಟಿಯಾಗಿ ನಿಲ್ಲುತ್ತದೆ. ಕೈಗಳು ಅಗಲವಾಗುತ್ತವೆ. ಇಷ್ಟೆಲ್ಲ ಆದ ಮೇಲೆ ನೋವು ಗೊತ್ತಾಗುತ್ತದೆ. ಅದಾದ ಮೇಲೆ "ಅಯ್ಯೋ ಮಾದಪ್ಪಾ" ಎಂಬ ಮಾತು ಬಾಯಿಗೆ ಬರುತ್ತದೆ.

ನೋವು ತಿಳಿಯುವ ಮೊದಲೇ ಕಾಲನ್ನು ಎತ್ತಿದವರು ಯಾರು? ನಾವಲ್ಲ. ನಮ್ಮ ಬುದ್ಧಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಕೆಲಸ ಮುಗಿದಿತ್ತು. ಆ ಕೆಲಸ ಮಾಡಿದ್ದು ಬೆನ್ನುಹುರಿ. ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಮಕ್ಕಳು ಇದನ್ನು ಮೆದುಳುಬಳ್ಳಿ ಎಂದು ಓದುತ್ತಾರೆ. ಅದು ತಾನಾಗಿ ಮಾಡುವ ಈ ಕೆಲಸಕ್ಕೆ ಪರಾವರ್ತಿತ ಕ್ರಿಯೆ ಎಂದು ಹೆಸರು. ಇಂದಿನ ಮಾತು ಈ ಕ್ರಿಯೆಯ ಬಗ್ಗೆ, ಹಾಗೂ ಅದು ಕೆಟ್ಟಾಗ ನಾವೇನು ಮಾಡಬೇಕು ಎಂಬುದರ ಬಗ್ಗೆ.

ಬೆನ್ನುಹುರಿ ಎಂದರೇನು?

ಬೆನ್ನಿನ ನಡುವೆ ಕೈಯಾಡಿಸಿದರೆ ಗಂಟು ಗಂಟಾಗಿ ಸಿಗುವುದು ಬೆನ್ನುಮೂಳೆ. ಹುಟ್ಟುವಾಗ ಅದರಲ್ಲಿ 33 ಮಣಿಗಳಿರುತ್ತವೆ. ಬೆಳೆದಂತೆ ಕೆಳಗಿನ ಕೆಲವು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಈ ಮಣಿಗಳ ಹಿಂಭಾಗದಲ್ಲಿರುವ ಕೊಳವೆಯಂಥ ಜಾಗದೊಳಗೆ ಬೆನ್ನುಹುರಿ ಇಳಿದು ಬಂದಿದೆ. ದೊಡ್ಡವರಲ್ಲಿ ಅದರ ಉದ್ದ ಸುಮಾರು 45 ಸೆಂಟಿಮೀಟರ್, ದಪ್ಪ ಹೆಚ್ಚು ಕಡಿಮೆ ಕಿರುಬೆರಳಿನಷ್ಟು. ಅದು ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಕುದುರೆಯ ಬಾಲದ ಕೂದಲಿನಂತೆ ನರಗಳು ಮಾತ್ರ ಇಳಿಯುತ್ತವೆ. ಬೆನ್ನುಹುರಿಯಿಂದ ಎಡಕ್ಕೂ ಬಲಕ್ಕೂ ಒಟ್ಟು 31 ಜೊತೆ ನರಗಳು ಹೊರಟು ಕೈ, ಕಾಲು, ಹೊಟ್ಟೆ, ಬೆನ್ನುಗಳಿಗೆ ಹರಡುತ್ತವೆ.

ಬೆನ್ನುಹುರಿಗೆ ಎರಡು ಕೆಲಸ. ಒಂದು, ಮೈಯ ಸುದ್ದಿಯನ್ನು ಮೆದುಳಿಗೂ ಮೆದುಳಿನ ಅಪ್ಪಣೆಯನ್ನು ಮೈಗೂ ಸಾಗಿಸುವುದು. ಇನ್ನೊಂದು, ತುರ್ತಿನ ವಿಷಯದಲ್ಲಿ ಮೇಲಿನ ಅಪ್ಪಣೆಗೆ ಕಾಯದೆ ತಾನೇ ತೀರ್ಮಾನ ಮಾಡುವುದು. ಊರಿನಲ್ಲಿ ಬಣವೆಗೆ ಬೆಂಕಿ ಬಿದ್ದರೆ ಜನ ಮೊದಲು ಕೊಡ ಹಿಡಿದು ಓಡುತ್ತಾರೆ, ತಾಲ್ಲೂಕು ಕಚೇರಿಗೆ ಆಮೇಲೆ ತಿಳಿಸುತ್ತಾರೆ. ಬೆನ್ನುಹುರಿ ಮಾಡುವುದೂ ಹಾಗೆಯೇ. ಹಲ್ಲಿಯ ಬಾಲ ತುಂಡಾಗಿ ಬಿದ್ದ ಮೇಲೂ ನೆಲದ ಮೇಲೆ ಹೊರಳಾಡುವುದನ್ನು ನೀವು ಕಂಡಿರಬಹುದು. ಆ ಬಾಲಕ್ಕೆ ತಲೆಯ ಸಂಬಂಧ ಕಡಿದುಹೋಗಿದೆ. ಆದರೂ ಅದರೊಳಗಿನ ಬೆನ್ನುಹುರಿಯ ತುಣುಕು ಸ್ವಲ್ಪ ಹೊತ್ತು ತನ್ನ ಕೆಲಸ ನಡೆಸುತ್ತಿರುತ್ತದೆ.

ಐದು ಕೊಂಡಿಗಳ ಸರಪಳಿ

ಪರಾವರ್ತಿತ ಕ್ರಿಯೆಯನ್ನು ಐದು ಕೊಂಡಿಗಳ ಸರಪಳಿ ಎಂದು ತಿಳಿಯಿರಿ. ನನ್ನ ವಿದ್ಯಾರ್ಥಿನಿಯರಿಗೆ ಐದು ಬೆರಳು ಮಡಚಿಸಿ ಇದನ್ನು ಹೇಳಿಕೊಡುತ್ತೇನೆ. ನೀವೂ ಹಾಗೆಯೇ ಎಣಿಸಿಕೊಳ್ಳಿ.

1. ಚರ್ಮದಲ್ಲೂ ಸ್ನಾಯುವಿನಲ್ಲೂ ಇರುವ, ಚುಚ್ಚಿದ್ದನ್ನು, ಸುಟ್ಟದ್ದನ್ನು, ಎಳೆದದ್ದನ್ನು ಗುರುತಿಸುವ ತುದಿಗಳು.
2. ಆ ಸುದ್ದಿಯನ್ನು ಬೆನ್ನುಹುರಿಗೆ ತರುವ ಜ್ಞಾನವಾಹಿ ನರ.
3. ಸುದ್ದಿ ಕೇಳಿ ತೀರ್ಮಾನಿಸುವ ಬೆನ್ನುಹುರಿಯೊಳಗಿನ ಜಾಗ.
4. ಅಪ್ಪಣೆಯನ್ನು ಹೊರಕ್ಕೆ ಒಯ್ಯುವ ಕ್ರಿಯಾವಾಹಿ ನರ.
5. ಅಪ್ಪಣೆಯಂತೆ ನಡೆಯುವ ಸ್ನಾಯು.

ಬಿಸಿ ಹೆಂಚಿಗೆ ಬೆರಳು ತಾಗಿದಾಗ ಈ ಐದೂ ಕೊಂಡಿಗಳು ಒಂದರ ಹಿಂದೆ ಒಂದು ಕೆಲಸ ಮಾಡಿ, ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ ಕೈಯನ್ನು ಹಿಂದಕ್ಕೆ ಎಳೆಯುತ್ತವೆ. ಕಣ್ಣಿನಿಂದ ಕಂಡು, ಬುದ್ಧಿಯಿಂದ ತಿಳಿದು ಕೈ ತೆಗೆಯಬೇಕಾದರೆ ಅದರ ಎರಡರಷ್ಟು ಹೊತ್ತಾದರೂ ಬೇಕು. ಅಷ್ಟರಲ್ಲಿ ಚರ್ಮ ಬೆಂದಿರುತ್ತಿತ್ತು.

ಇನ್ನೊಂದು ಸಂಗತಿಯನ್ನು ಗಮನಿಸಿ. ಕೈ ಸುಟ್ಟಾಗ ಮೊದಲು ಚುರುಕ್ ಎನ್ನುವ ನೋವು, ಸ್ವಲ್ಪ ಹೊತ್ತಾದ ಮೇಲೆ ಉರಿ. ಇವೆರಡೂ ಬೇರೆ ಬೇರೆ ನರದ ಎಳೆಗಳಲ್ಲಿ ಬರುತ್ತವೆ. ಮೊದಲನೆಯದು ಸೆಕೆಂಡಿಗೆ 5ರಿಂದ 30 ಮೀಟರ್ ವೇಗದಲ್ಲಿ ಓಡುವ ಎಳೆ. ಎರಡನೆಯದು ಸೆಕೆಂಡಿಗೆ ಹೆಚ್ಚೆಂದರೆ ಎರಡು ಮೀಟರ್ ಸಾಗುವ ನಿಧಾನದ ಎಳೆ. ಮೊದಲ ಸುದ್ದಿ ಅಂಗವನ್ನು ಹಿಂದಕ್ಕೆ ಎಳೆಸುತ್ತದೆ. ಎರಡನೆಯದು "ಆ ಜಾಗವನ್ನು ಜೋಪಾನ ಮಾಡು" ಎಂದು ನೆನಪಿಸುತ್ತಲೇ ಇರುತ್ತದೆ.

ಹಾಗಾದರೆ ಮೆದುಳಿಗೆ ಇಲ್ಲಿ ಪಾತ್ರವೇ ಇಲ್ಲವೇ? ಇದೆ. ಬಿಸಿ ಸಾರಿನ ಪಾತ್ರೆ ಹಿಡಿದ ತಾಯಿ, ಪಕ್ಕದಲ್ಲಿ ಮಗು ಆಡುತ್ತಿದ್ದರೆ ಕೈ ಸುಡುತ್ತಿದ್ದರೂ ಪಾತ್ರೆಯನ್ನು ಕೈಬಿಡುವುದಿಲ್ಲ. ಹಲ್ಲು ಕಚ್ಚಿ ಅದನ್ನು ಕೆಳಗಿಟ್ಟೇ ಕೈ ಬಿಡುತ್ತಾಳೆ. ಬೆನ್ನುಹುರಿಯ ಅವಸರವನ್ನು ಮೆದುಳು ತಡೆದು ಹಿಡಿಯಬಲ್ಲದು. ಮುಂದೆ ಕಾಯಿಲೆಗಳ ವಿಷಯ ಬಂದಾಗ ಈ ಮಾತು ನೆನಪಿರಲಿ.

ಬೀಳದಂತೆ ನಿಲ್ಲಿಸುವ ಜಾಣ್ಮೆ

ಮುಳ್ಳು ಚುಚ್ಚಿದ ಕಾಲು ಮೇಲೆ ಬಂದರೆ ಮೈಯ ಭಾರವೆಲ್ಲ ಇನ್ನೊಂದು ಕಾಲಿನ ಮೇಲೆ ಬೀಳುತ್ತದೆ. ಆ ಕಾಲು ಸಿದ್ಧವಾಗಿರದಿದ್ದರೆ ಮನುಷ್ಯ ಮುಳ್ಳಿನಿಂದ ಪಾರಾಗಿ ಕಲ್ಲಿನ ಮೇಲೆ ಬೀಳುತ್ತಾನೆ. ಆದ್ದರಿಂದ ಬೆನ್ನುಹುರಿ ಒಂದು ಕಾಲಿಗೆ "ಮಡಚು" ಎಂದು ಹೇಳುವಾಗಲೇ ಇನ್ನೊಂದಕ್ಕೆ "ನೆಟ್ಟಗೆ ನಿಲ್ಲು" ಎಂದು ಹೇಳುತ್ತದೆ. ಒಂದೇ ಸುದ್ದಿಗೆ ಎರಡು ಅಪ್ಪಣೆ ಹೊರಡುತ್ತವೆ.

ಅಷ್ಟೇ ಅಲ್ಲದೆ, ಒಂದು ಕೀಲಿನ ಎರಡು ಕಡೆಯ ಸ್ನಾಯುಗಳೂ ಒಟ್ಟಿಗೆ ಬಿಗಿದರೆ ಅಂಗ ಅಲುಗಲಾರದು. ಇಬ್ಬರು ಸೇರಿ ಮರ ಕೊಯ್ಯುವ ಗರಗಸವನ್ನು ನೆನೆಸಿಕೊಳ್ಳಿ. ಒಬ್ಬರು ಎಳೆಯುವಾಗ ಇನ್ನೊಬ್ಬರು ಬಿಟ್ಟುಕೊಡಬೇಕು. ಹಾಗೆಯೇ ಮಡಚುವ ಸ್ನಾಯು ಬಿಗಿಯುವಾಗ ಚಾಚುವ ಸ್ನಾಯುವಿಗೆ "ಸಡಿಲವಾಗು" ಎಂಬ ಅಪ್ಪಣೆಯೂ ಬೆನ್ನುಹುರಿಯಿಂದಲೇ ಹೋಗುತ್ತದೆ. ಈ ಕೊಡುಕೊಳ್ಳುವಿಕೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ ತಿಳಿಸಿದವರು ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್. ನರಕೋಶಗಳ ಬಗೆಗಿನ ಸಂಶೋಧನೆಗಾಗಿ ಅವರಿಗೂ ಎಡ್ಗರ್ ಏಡ್ರಿಯನ್ ಅವರಿಗೂ 1932ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಸುಮ್ಮನೆ ನಿಲ್ಲುವುದು ಕೂಡ ಒಂದು ಕೆಲಸವೇ. ಬೆಟ್ಟದ ಬಸ್ಸಿನಲ್ಲಿ ಸೀಟು ಸಿಗದೆ ನಿಂತು ಬಂದವರಿಗೆ ಇದು ಗೊತ್ತು. ತಿರುವಿನಲ್ಲಿ ಮೈ ಮುಂದಕ್ಕೆ ವಾಲಿದಾಗ ಮೀನಖಂಡದ ಸ್ನಾಯು ಎಳೆತಕ್ಕೆ ಸಿಗುತ್ತದೆ. ಆ ಸ್ನಾಯುವಿನೊಳಗಿನ ಸಣ್ಣ ಕದಿರಿನಂಥ ಅಂಗಗಳು ಎಳೆತವನ್ನು ಗುರುತಿಸಿ ಬೆನ್ನುಹುರಿಗೆ ತಿಳಿಸುತ್ತವೆ. "ಎಳೆದವರನ್ನು ಹಿಂದಕ್ಕೆ ಎಳೆ" ಎಂಬ ಅಪ್ಪಣೆ ಅದೇ ಸ್ನಾಯುವಿಗೆ ಮರಳಿ ಬರುತ್ತದೆ. ಈ ಸುದ್ದಿ ತರುವ ನರದ ಎಳೆಗಳು ಮೈಯಲ್ಲೇ ಅತಿ ವೇಗದವು.

ಡಾಕ್ಟರು ನಿಮ್ಮ ಮಂಡಿಚಿಪ್ಪಿನ ಕೆಳಗೆ ರಬ್ಬರು ಸುತ್ತಿಗೆಯಿಂದ ತಟ್ಟುವುದು ಇದೇ ಎಳೆತದ ಪರೀಕ್ಷೆಗಾಗಿ. ತಟ್ಟಿದ ಮೇಲೆ ತೊಡೆಯ ಸ್ನಾಯು ಬಿಗಿಯಲು ಆರಂಭಿಸಲು 20ರಿಂದ 30 ಮಿಲಿಸೆಕೆಂಡು ಸಾಕು. ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮಿಲಿಸೆಕೆಂಡು. ಜರ್ಮನಿಯ ವೈದ್ಯರಾದ ಎರ್ಬ್ ಮತ್ತು ವೆಸ್ಟ್‌ಫಾಲ್ ಈ ಪರೀಕ್ಷೆಯನ್ನು 1875ರಲ್ಲಿ ವಿವರಿಸಿದರು. ನೂರೈವತ್ತು ವರ್ಷವಾದರೂ ಅದು ಹಳತಾಗಿಲ್ಲ, ಅದಕ್ಕೆ ವಿದ್ಯುತ್ತೂ ಬೇಡ, ದುಡ್ಡೂ ಬೇಡ. ಮಂಡಿಯಲ್ಲಿ ಕಾಲು ಒದೆಯದಿದ್ದರೆ ಸರಪಳಿಯ ಯಾವುದೋ ಕೊಂಡಿ ಸಡಿಲವಾಗಿರಬಹುದು. ಅತಿಯಾಗಿ ಒದೆದರೆ ಮೇಲಿನ ಮೆದುಳಿನ ಹಿಡಿತ ತಪ್ಪಿರಬಹುದು. ಆರೋಗ್ಯವಂತರಲ್ಲೂ ಇದು ಒಬ್ಬರಿಗೊಬ್ಬರಿಗೆ ಹೆಚ್ಚು ಕಡಿಮೆ ಇರುವುದರಿಂದ ಡಾಕ್ಟರು ಎರಡೂ ಕಾಲನ್ನು ಹೋಲಿಸಿ ನೋಡುತ್ತಾರೆ.

ಆದರೆ ಬೆನ್ನುಹುರಿ ಒಂದೇ ಮನುಷ್ಯನನ್ನು ನಿಲ್ಲಿಸಲಾರದು. ಸಮತೋಲಕ್ಕೆ ಮೂರು ಕಡೆಯಿಂದ ಸುದ್ದಿ ಬರಬೇಕು: ಕಣ್ಣಿನಿಂದ, ಒಳಗಿವಿಯಿಂದ, ಅಂಗಾಲು ಮತ್ತು ಕೀಲುಗಳಿಂದ. ಮೂರನ್ನೂ ಹೊಂದಿಸುವುದು ಕಿರುಮೆದುಳು ಮತ್ತು ಮೆದುಳಿನ ಬುಡ. ಮೂರರಲ್ಲಿ ಒಂದು ಕೈಕೊಟ್ಟರೆ ಉಳಿದ ಎರಡು ಸಂಭಾಳಿಸುತ್ತವೆ, ಎರಡು ಕೈಕೊಟ್ಟರೆ ಬೀಳುತ್ತೇವೆ. ಹಗಲು ಚೆನ್ನಾಗಿ ನಡೆಯುವ ಅಜ್ಜಿ ರಾತ್ರಿ ಕರೆಂಟು ಹೋದಾಗ ತೂರಾಡಿದರೆ, ಅವರ ಅಂಗಾಲಿನ ಸುದ್ದಿ ಕಡಿಮೆಯಾಗಿದೆ, ಇಷ್ಟು ದಿನ ಕಣ್ಣಿನ ಬಲದಿಂದ ನಡೆಯುತ್ತಿದ್ದರು ಎಂದು ಅನುಮಾನ ಪಡಬೇಕು. ಸ್ನಾನ ಮಾಡುವಾಗ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದೊಡನೆ ವಾಲುವವರೂ ಹೀಗೆಯೇ.

ಕೊಂಡಿ ಕಳಚಿದರೆ

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಐದು ಬೆರಳನ್ನು ಮತ್ತೆ ಮಡಚಿ.

ಮೊದಲನೆಯ ಮತ್ತು ಎರಡನೆಯ ಕೊಂಡಿಯನ್ನು ಕೆಡಿಸುವ ದೊಡ್ಡ ಶತ್ರು ಸಕ್ಕರೆ ಕಾಯಿಲೆ. ವರ್ಷಗಟ್ಟಲೆ ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಉದ್ದವಾದ ನರಗಳ ತುದಿಗಳು ಮೊದಲು ಸೊರಗುತ್ತವೆ. ಅತಿ ಉದ್ದದ ನರಗಳು ಕಾಲ್ಬೆರಳಿಗೆ ಹೋಗುವಂಥವು. ಆದ್ದರಿಂದ ಪಾದದಲ್ಲಿ ಜೋಮು, ಉರಿ, ಹತ್ತಿಯ ಮೇಲೆ ನಡೆದಂತೆ ಅನುಭವ, ಕೊನೆಗೆ ಸ್ಪರ್ಶವೇ ಇಲ್ಲ. "ನೋವಿಲ್ಲ ಸಿಸ್ಟರ್, ಅದಕ್ಕೇ ಬರಲಿಲ್ಲ" ಎಂದು ಕೀವು ತುಂಬಿದ ಕಾಲು ತೋರಿಸುವವರು ಇದ್ದಾರೆ. ನೋವಿಲ್ಲದಿರುವುದೇ ಅಲ್ಲಿನ ಕಾಯಿಲೆ. ಚಪ್ಪಲಿಯೊಳಗೆ ಸೇರಿದ ಸಣ್ಣ ಕಲ್ಲು ಇಡೀ ದಿನ ಒತ್ತಿದರೂ ಕಾಲು ಹಿಂದಕ್ಕೆ ಬರುವುದಿಲ್ಲ, ಏಕೆಂದರೆ ಬೆನ್ನುಹುರಿಗೆ ಸುದ್ದಿಯೇ ಹೋಗಿಲ್ಲ. ಕುಷ್ಠರೋಗದಲ್ಲೂ ಹೀಗೆಯೇ ನರ ಕೆಟ್ಟು ಸ್ಪರ್ಶ ಹೋಗುತ್ತದೆ. ಮೈಮೇಲೆ ಸ್ಪರ್ಶವಿಲ್ಲದ ಮಚ್ಚೆ ಕಂಡರೆ ಮುಚ್ಚಿಡಬೇಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದರ ಔಷಧ ಉಚಿತ. ಬೇಗ ಆರಂಭಿಸಿದರೆ ಅಂಗ ಊನವಾಗದಂತೆ ಉಳಿಸಿಕೊಳ್ಳಬಹುದು.

ಶುದ್ಧ ಸಸ್ಯಾಹಾರಿಗಳಾದ ನಮ್ಮಂಥ ಮನೆಗಳಲ್ಲಿ ಇನ್ನೊಂದು ಕೊರತೆ ಕಾಣುತ್ತದೆ. ಅದು ವಿಟಮಿನ್ ಬಿ-12. ಸೊಪ್ಪು, ಕಾಳು, ರಾಗಿ ಎಲ್ಲವೂ ಒಳ್ಳೆಯವೇ, ಆದರೆ ಬಿ-12 ಅವುಗಳಲ್ಲಿ ಇಲ್ಲ. ಸಸ್ಯಾಹಾರಿಗಳಿಗೆ ಅದು ಸಿಗುವುದು ಹಾಲು, ಮೊಸರು, ಮಜ್ಜಿಗೆಗಳಿಂದ. ಇದು ಬಹಳ ಕಡಿಮೆಯಾದರೆ ನರಗಳೂ ಬೆನ್ನುಹುರಿಯ ಹಿಂಭಾಗದ ದಾರಿಯೂ ಕೆಡುತ್ತವೆ. ಕಾಲು ಜೋಮು, ಕತ್ತಲೆಯಲ್ಲಿ ತೂರಾಟ, ಮರೆವು ಬರಬಹುದು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ಹಲವು ವರ್ಷದಿಂದ ನುಂಗುವವರಲ್ಲೂ ಬಿ-12 ಇಳಿಯಬಹುದು. ಹಾಗೆಂದು ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ ರಕ್ತ ಪರೀಕ್ಷೆ ಮಾಡಿಸಿ. ಬೇಗ ಗೊತ್ತಾದರೆ ಇಂಜೆಕ್ಷನ್ನಿನಿಂದಲೋ ಮಾತ್ರೆಯಿಂದಲೋ ಚೇತರಿಕೆ ಸಾಧ್ಯ. ತಡವಾದಷ್ಟೂ ಕಷ್ಟ.

ಮೂರನೆಯ ಕೊಂಡಿ ಬೆನ್ನುಹುರಿ. ಹುಣಸೆ ಮರದಿಂದ, ತೆಂಗಿನ ಮರದಿಂದ ಬಿದ್ದವರು, ಟ್ರ್ಯಾಕ್ಟರು ಮಗುಚಿ ಪೆಟ್ಟು ಬಿದ್ದವರು ಬೆನ್ನು ಅಥವಾ ಕುತ್ತಿಗೆ ನೋವು ಎಂದರೆ, ಕೈಕಾಲು ಆಡುತ್ತಿಲ್ಲ ಎಂದರೆ, ದಯವಿಟ್ಟು ಅವರನ್ನು ಎಬ್ಬಿಸಿ ಕೂರಿಸಬೇಡಿ. ತಲೆಗೊಬ್ಬ ಕಾಲಿಗೊಬ್ಬ ಹಿಡಿದು ಮೂಟೆಯಂತೆ ಎತ್ತಬೇಡಿ. ಮುರಿದ ಮೂಳೆ ಜರುಗಿದರೆ ಉಳಿದಿದ್ದ ಹುರಿಯೂ ಕತ್ತರಿಸಬಹುದು. 108ಕ್ಕೆ ಕರೆ ಮಾಡಿ ಅಲುಗಿಸದೆ ಕಾಯುವುದು ಮೇಲು. ಸಾಗಿಸಲೇಬೇಕಾದರೆ ನಾಲ್ಕೈದು ಜನ ಸೇರಿ, ಒಬ್ಬರು ತಲೆ ಮತ್ತು ಕುತ್ತಿಗೆಯನ್ನು ನೇರವಾಗಿ ಹಿಡಿದು, ಮರದ ದಿಮ್ಮಿ ಹೊರಳಿಸುವಂತೆ ಇಡೀ ಮೈಯನ್ನು ಒಟ್ಟಿಗೆ ತಿರುಗಿಸಿ, ಅಗಲವಾದ ಹಲಗೆ ಅಥವಾ ಬಾಗಿಲಿನ ಮೇಲೆ ಮಲಗಿಸಿ ಕಟ್ಟಿ ತನ್ನಿ.

ಇಲ್ಲಿ ಮನೆಯವರು ತಿಳಿಯಬೇಕಾದ ಒಂದು ನೋವಿನ ಸಂಗತಿ ಇದೆ. ಬೆನ್ನುಹುರಿ ಪೂರ್ತಿ ಕಡಿದವರ ಕಾಲುಗಳು ಮೊದಮೊದಲು ನಿರ್ಜೀವವಾಗಿ ಬಿದ್ದಿರುತ್ತವೆ. ಕೆಲವು ದಿನ ಅಥವಾ ವಾರಗಳಾದ ಮೇಲೆ ಮುಟ್ಟಿದರೆ ಕಾಲು ಎಗರುತ್ತದೆ, ತಾನಾಗಿ ಮಡಚಿಕೊಳ್ಳುತ್ತದೆ. "ಕಾಲು ಬಂತು" ಎಂದು ಮನೆಯವರು ಸಂತೋಷ ಪಡುತ್ತಾರೆ. ಅದನ್ನೇ ಗುಣವೆಂದು ನಂಬಿ ಎಣ್ಣೆ, ಬೇರು, ಮಂತ್ರಗಳಿಗೆ ಸಾಲ ಮಾಡಿ ಹಣ ಸುರಿಯುತ್ತಾರೆ. ಆದರೆ ಆ ಎಗರಾಟ ಗಾಯದ ಕೆಳಗೆ ಉಳಿದ ಹುರಿಯ ಪರಾವರ್ತಿತ ಕ್ರಿಯೆ. ಮೆದುಳಿನ ಹಿಡಿತ ತಪ್ಪಿದ್ದರಿಂದ ಅದು ಜೋರಾಗಿರುತ್ತದೆ. ನಿಜವಾದ ಚೇತರಿಕೆಗೆ ಗುರುತು ಬೇರೆ: "ಹೆಬ್ಬೆರಳು ಆಡಿಸಿ" ಎಂದಾಗ ರೋಗಿ ತನ್ನ ಇಚ್ಛೆಯಿಂದ ಆಡಿಸಬೇಕು, ಅಥವಾ ಕಣ್ಣು ಮುಚ್ಚಿದ್ದಾಗ ಮುಟ್ಟಿದ ಜಾಗವನ್ನು ಸರಿಯಾಗಿ ಹೇಳಬೇಕು. ಇದನ್ನು ಹೇಳುವುದು ಆಸೆ ಮುರಿಯಲೆಂದಲ್ಲ. ಆ ಹಣ ಮತ್ತು ಶ್ರಮ ಹಾಸಿಗೆ ಹುಣ್ಣು ಆಗದಂತೆ ನೋಡಿಕೊಳ್ಳಲು, ಗಾಲಿ ಕುರ್ಚಿಗೆ, ವ್ಯಾಯಾಮಕ್ಕೆ ಉಳಿಯಲಿ ಎಂದು.

ಹಾಸಿಗೆ ಹುಣ್ಣು ಆಗುವುದೂ ಇದೇ ಕಾರಣಕ್ಕೆ. ನಾವು ನಿದ್ದೆಯಲ್ಲೂ ಹೊರಳುತ್ತೇವೆ. ಒತ್ತಿದ ಜಾಗ ನೋಯುತ್ತದೆ, ಮೈ ತಾನಾಗಿ ಮಗ್ಗುಲು ಬದಲಿಸುತ್ತದೆ. ಸ್ಪರ್ಶ ಹೋದವರಿಗೆ ಆ ಕೆಲಸವನ್ನು ನಾವು ಮಾಡಬೇಕು. ಹಗಲು ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನು, ಪೃಷ್ಠ, ಹಿಮ್ಮಡಿಗಳನ್ನು ದಿನವೂ ನೋಡಿ. ಕೆಂಪಾದ ಜಾಗವನ್ನು ಉಜ್ಜಬೇಡಿ, ಅದರ ಮೇಲೆ ಭಾರ ಬೀಳದಂತೆ ಮಲಗಿಸಿ. ಎದೆಯ ಮೇಲ್ಭಾಗಕ್ಕೆ ಅಥವಾ ಕುತ್ತಿಗೆಗೆ ಪೆಟ್ಟು ಬಿದ್ದವರಲ್ಲಿ ಇದ್ದಕ್ಕಿದ್ದಂತೆ ತಲೆ ಸಿಡಿತ, ಮುಖ ಕೆಂಪಾಗುವುದು, ಬೆವರು ಕಂಡರೆ ತಕ್ಷಣ ತಲೆ ಎತ್ತರಿಸಿ ಕೂರಿಸಿ, ಮೂತ್ರದ ನಳಿಕೆ ಮಡಚಿದೆಯೇ ನೋಡಿ, ಆಸ್ಪತ್ರೆಗೆ ಕರೆತನ್ನಿ. ರಕ್ತದ ಒತ್ತಡ ಅಪಾಯದ ಮಟ್ಟಕ್ಕೆ ಏರಿರಬಹುದು.

ಮೂರನೆಯ ಕೊಂಡಿಯ ಮತ್ತೊಂದು ಶತ್ರು ಧನುರ್ವಾಯು. ಗರಗಸದ ಮಾತು ನೆನಪಿದೆಯಲ್ಲ? "ಸಡಿಲವಾಗು" ಎಂಬ ಅಪ್ಪಣೆಯನ್ನೇ ಈ ರೋಗದ ವಿಷ ತಡೆಯುತ್ತದೆ. ಎರಡೂ ಕಡೆಯ ಸ್ನಾಯು ಒಟ್ಟಿಗೆ ಬಿಗಿಯುತ್ತವೆ. ದವಡೆ ಕಚ್ಚಿಕೊಳ್ಳುತ್ತದೆ, ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಸಣ್ಣ ಸದ್ದಿಗೂ ಮೈಯೆಲ್ಲ ಸೆಟೆಯುತ್ತದೆ. ಬಂದ ಮೇಲೆ ಉಳಿಸುವುದು ಕಷ್ಟ, ಬಾರದಂತೆ ತಡೆಯುವುದು ಸುಲಭ. ಗರ್ಭಿಣಿಯರಿಗೆ ಲಸಿಕೆ ಮತ್ತು ಶುಚಿಯಾದ ಹೆರಿಗೆಯಿಂದಾಗಿ ತಾಯಿ ಮತ್ತು ಹಸುಗೂಸುಗಳ ಧನುರ್ವಾಯು ನಿರ್ಮೂಲನ ಮಟ್ಟಕ್ಕೆ ಬಂದಿದೆ ಎಂದು 2015ರಲ್ಲಿ ಭಾರತಕ್ಕೆ ಮಾನ್ಯತೆ ಸಿಕ್ಕಿತು. ಹಿಂದೆ ಟಿ.ಟಿ. ಎನ್ನುತ್ತಿದ್ದ ಚುಚ್ಚುಮದ್ದಿನ ಬದಲು ಈಗ ಸರ್ಕಾರಿ ಕಾರ್ಯಕ್ರಮದಲ್ಲಿ ಗಂಟಲುಮಾರಿಗೂ ರಕ್ಷಣೆ ನೀಡುವ ಟಿ.ಡಿ. ಲಸಿಕೆ ಕೊಡುತ್ತಾರೆ. ಗರ್ಭಿಣಿಯರಿಗೂ, 10 ಮತ್ತು 16ನೇ ವಯಸ್ಸಿನ ಮಕ್ಕಳಿಗೂ ತಪ್ಪದೆ ಹಾಕಿಸಿ. ಮೊಳೆ, ಮುಳ್ಳು ಚುಚ್ಚಿದರೆ, ಗೊಬ್ಬರ ತಾಗಿದ ಗಾಯವಾದರೆ ನೀರು ಮತ್ತು ಸೋಪಿನಿಂದ ಚೆನ್ನಾಗಿ ತೊಳೆದು ಅದೇ ದಿನ ಆಸ್ಪತ್ರೆಗೆ ತೋರಿಸಿ. ಸಗಣಿ, ಸುಣ್ಣ, ಕಾಫಿ ಪುಡಿ ಮೆತ್ತಬೇಡಿ.

ನಾಲ್ಕನೆಯ ಕೊಂಡಿಯನ್ನು ಮುರಿಯುತ್ತಿದ್ದುದು ಪೋಲಿಯೊ. ಕ್ರಿಯಾವಾಹಿ ನರ ಹುಟ್ಟುವ ಕೋಶಗಳನ್ನೇ ಅದು ತಿನ್ನುತ್ತಿತ್ತು. ಆ ಕಾಲಿಗೆ ನೋವು ತಿಳಿಯುತ್ತದೆ, ಆದರೆ ಎತ್ತಲು ಬಲವಿಲ್ಲ. ಭಾರತದಲ್ಲಿ ಕಾಡು ವೈರಸ್ಸಿನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್ 27ರಂದು ನಮ್ಮ ದೇಶ ಪೋಲಿಯೊ ಮುಕ್ತವೆಂದು ಪ್ರಮಾಣಪತ್ರ ದೊರೆಯಿತು. ಹನಿ ಹಾಕಿಸಿದ ತಾಯಂದಿರಿಗೂ ಮನೆಮನೆ ಸುತ್ತಿದ ಕಾರ್ಯಕರ್ತೆಯರಿಗೂ ಇದರ ಪುಣ್ಯ ಸಲ್ಲಬೇಕು. ಆದರೂ ಕಾಲಿನಿಂದ ಆರಂಭವಾಗಿ ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಮೇಲಕ್ಕೇರುವ ನಿಶ್ಶಕ್ತಿ ಇಂದಿಗೂ ಬರುವುದುಂಟು. ಅದು ನರಗಳ ಉರಿಯೂತವಾಗಿರಬಹುದು. ಉಸಿರಾಟದ ಸ್ನಾಯುವಿಗೆ ತಲುಪುವ ಮೊದಲು ದೊಡ್ಡ ಆಸ್ಪತ್ರೆ ಸೇರಬೇಕು.

ನಾಲ್ಕನೆಯ ಮತ್ತು ಐದನೆಯ ಕೊಂಡಿ ಸೇರುವ ಜಾಗಕ್ಕೆ ಹೊಡೆಯುವುದು ನಾಗರಹಾವು ಮತ್ತು ಕಟ್ಟುಹಾವಿನ ವಿಷ. ನರದ ಅಪ್ಪಣೆ ಸ್ನಾಯುವಿಗೆ ಮುಟ್ಟುವುದಿಲ್ಲ. ಆನೆ, ಹಂದಿ ಕಾಯಲು ಹೊಲದಲ್ಲಿ ಮಲಗುವವರು ಇದನ್ನು ಕೇಳಲೇಬೇಕು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಎಷ್ಟೋ ಸಲ ನೋವೂ ಇಲ್ಲ, ಗುರುತೂ ಇಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತು ಬೀಳುವುದು, ಮಾತು ತೊದಲುವುದು, ಎಂಜಲು ನುಂಗಲಾಗದಿರುವುದು ಕಂಡರೆ ಕಾಯಬೇಡಿ. ಕೊಯ್ಯಬೇಡಿ, ಚೀಪಬೇಡಿ, ಹಗ್ಗದಿಂದ ಬಿಗಿದು ಕಟ್ಟಬೇಡಿ. ಕಚ್ಚಿದ ಅಂಗವನ್ನು ಅಲುಗಿಸದೆ ವಿಷಕ್ಕೆ ಪ್ರತಿಯಾದ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಹೊರಡಿ. ಪಾಲಾರ್‌ನಿಂದ ಬೆಟ್ಟ, ತಾಳಬೆಟ್ಟ, ಕೌದಳ್ಳಿ, ಹನೂರು ದಾಟಿ ಕೊಳ್ಳೇಗಾಲ ಮುಟ್ಟುವ ದಾರಿ ಎಷ್ಟು ಉದ್ದ ಎಂದು ನಿಮಗೆ ನಾನು ಹೇಳಬೇಕಿಲ್ಲ. ಯಾವ ಗಾಡಿ, ಯಾರ ಫೋನು, ಯಾವ ಆಸ್ಪತ್ರೆಯಲ್ಲಿ ಔಷಧವಿದೆ ಎಂಬುದನ್ನು ಊರಿನವರು ಮೊದಲೇ ಗೊತ್ತು ಮಾಡಿಕೊಂಡಿರಬೇಕು. ಮಂಚದ ಮೇಲೆ, ಸೊಳ್ಳೆಪರದೆಯ ಅಂಚು ಒಳಕ್ಕೆ ಸಿಕ್ಕಿಸಿ ಮಲಗುವುದು ಎಲ್ಲಕ್ಕಿಂತ ಅಗ್ಗದ ರಕ್ಷಣೆ.

ಐದನೆಯದು ಸ್ನಾಯು. ವಯಸ್ಸಾದಂತೆ, ಕೂತೇ ಇದ್ದಂತೆ ಅದು ಕರಗುತ್ತದೆ. ಅಪ್ಪಣೆ ಸರಿಯಾಗಿ ಬಂದರೂ ಕಾಲು ಮೈಯನ್ನು ಹಿಡಿದು ನಿಲ್ಲಿಸುವಷ್ಟು ಬಲ ಇರುವುದಿಲ್ಲ. ಎಡವಿದ ಹಿರಿಯರು ಸುಧಾರಿಸಿಕೊಳ್ಳುವ ಬದಲು ಬೀಳುವುದು, ಸೊಂಟದ ಮೂಳೆ ಮುರಿಯುವುದು ಹೀಗೆ.

ಪಾದಯಾತ್ರೆ ಹೋಗುವವರಿಗೆ

ಶಿವರಾತ್ರಿ, ಯುಗಾದಿ, ಮಹಾಲಯ ಅಮಾವಾಸ್ಯೆ, ದೀಪಾವಳಿಗೆ ಮಾದಪ್ಪನ ಬೆಟ್ಟಕ್ಕೆ ಸಾವಿರಾರು ಜನ ನಡೆದು ಬರುತ್ತಾರೆ. ಕೊಳ್ಳೇಗಾಲದ ಕಡೆಯಿಂದ, ಕನಕಪುರದ ಕಡೆಯ ಕಾಡುದಾರಿಯಿಂದ, ತಮಿಳುನಾಡಿನಿಂದ ಪಾಲಾರ್ ಮೂಲಕವೂ ಬರುತ್ತಾರೆ. ಹರಕೆಯನ್ನು ಬಿಡಿ ಎಂದು ಹೇಳುವುದು ನನ್ನ ಕೆಲಸವಲ್ಲ. ಆದರೆ ಸಕ್ಕರೆ ಕಾಯಿಲೆ ಇರುವವರು ಹೊರಡುವ ಮೊದಲು ಒಮ್ಮೆ ಪಾದ ತೋರಿಸಿ. 10 ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆಯಿಂದ ಅಂಗಾಲನ್ನು ಮುಟ್ಟಿ ನೋಡುತ್ತೇವೆ. ಕೆಲವೇ ನಿಮಿಷದ ಪರೀಕ್ಷೆ, ನೋವಿಲ್ಲ. ಎಳೆ ತಾಗಿದ್ದು ಗೊತ್ತಾಗದಿದ್ದರೆ ನಿಮ್ಮ ಪಾದಕ್ಕೆ ಕಾವಲುಗಾರ ಇಲ್ಲವೆಂದು ಅರ್ಥ. ಅಂಥವರು ಬರಿಗಾಲಲ್ಲಿ ನಡೆಯಬಾರದು, ಕೊಂಡ ಹಾಯಬಾರದು, ಬಿಸಿಲಿಗೆ ಕಾದ ಟಾರು ರಸ್ತೆ ತುಳಿಯಬಾರದು. ಮೆತ್ತನೆಯ, ಹಿಂಬದಿ ಪಟ್ಟಿ ಇರುವ ಪಾದರಕ್ಷೆ ಹಾಕಿ. ಗುಡಿಯ ಬಾಗಿಲಲ್ಲಿ ಅದನ್ನು ಬಿಟ್ಟು ಒಳಹೋಗಿ ಬಂದೊಡನೆ ಮತ್ತೆ ಹಾಕಿಕೊಳ್ಳಿ.

ಮನೆಯಲ್ಲೂ ಕೆಲವು ಅಭ್ಯಾಸ ಬೆಳೆಸಿಕೊಳ್ಳಿ. ಚಪ್ಪಲಿ ಹಾಕುವ ಮೊದಲು ಅದರೊಳಗೆ ಕೈ ಹಾಕಿ ನೋಡಿ. ಸ್ನಾನದ ನೀರಿನ ಬಿಸಿಯನ್ನು ಪಾದದಿಂದ ನೋಡದೆ ಮೊಣಕೈಯಿಂದ ನೋಡಿ, ಮೊಣಕೈಗೂ ತಿಳಿಯದಿದ್ದರೆ ಮನೆಯವರಿಂದ ನೋಡಿಸಿ. ಚಳಿಯೆಂದು ಕಾಲನ್ನು ಒಲೆಯ ಹತ್ತಿರ ಚಾಚಿ ಕೂರಬೇಡಿ. ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿ. ಉಗುರನ್ನು ನೇರವಾಗಿ ಕತ್ತರಿಸಿ.

ಹಿರಿಯರಿಗೆ ನಾಲ್ಕು ಮಾತು

ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಸಣ್ಣ ದೀಪ ಇರಲಿ, ತಲೆದಿಂಬಿನ ಬಳಿ ಟಾರ್ಚು ಇರಲಿ. ಹಾಸಿಗೆಯಿಂದ ಒಮ್ಮೆಲೇ ಏಳದೆ ಒಂದು ನಿಮಿಷ ಕೂತು ಎದ್ದೇಳಿ, ಬಿ.ಪಿ. ಮಾತ್ರೆ ನುಂಗುವವರಿಗೆ ಇದು ಮುಖ್ಯ. ಬಚ್ಚಲ ಗೋಡೆಗೆ ಒಂದು ಹಿಡಿ ಹಾಕಿಸಿ, ಪಾಚಿ ಉಜ್ಜಿಸಿ. ಊರುಗೋಲು ಹಿಡಿಯಲು ನಾಚಿಕೆ ಬೇಡ. ಕೋಲಿನ ಮೂಲಕ ಕೈಗೆ ನೆಲದ ಸುದ್ದಿ ಸಿಗುತ್ತದೆ, ಅಂಗಾಲು ಹೇಳದ್ದನ್ನು ಅಂಗೈ ಹೇಳುತ್ತದೆ.

ಸಮತೋಲವನ್ನು ಅಭ್ಯಾಸದಿಂದ ಉಳಿಸಿಕೊಳ್ಳಬಹುದು. ಗಟ್ಟಿ ಕುರ್ಚಿಯಿಂದ ದಿನಕ್ಕೆ ಹತ್ತು ಸಲ ನಿಧಾನವಾಗಿ ಎದ್ದು ಕೂರಿ. ಜಗಲಿಯ ಕಂಬ ಹಿಡಿದು ಒಂದೊಂದೇ ಕಾಲಿನ ಮೇಲೆ ಹತ್ತು ಎಣಿಸುವವರೆಗೆ ನಿಲ್ಲಿ. ಗೋಡೆಗೆ ಕೈ ತಾಗಿಸಿಕೊಂಡು ಒಂದು ಕಾಲಿನ ಬೆರಳಿಗೆ ಇನ್ನೊಂದು ಕಾಲಿನ ಹಿಮ್ಮಡಿ ತಾಗುವಂತೆ ಹತ್ತು ಹೆಜ್ಜೆ ನಡೆಯಿರಿ. ಮೊದಲ ದಿನಗಳಲ್ಲಿ ಪಕ್ಕದಲ್ಲಿ ಯಾರಾದರೂ ಇರಲಿ. ಒಂದೇ ವಾರದಲ್ಲಿ ಫಲ ಕಾಣದು, ತಿಂಗಳುಗಟ್ಟಲೆ ಬಿಡದೆ ಮಾಡಿದರೆ ಕಾಣುತ್ತದೆ.

ಒಂದು ಎಚ್ಚರಿಕೆ. ಸೊಂಟ ನೋವಿನ ಜೊತೆ ಮೂತ್ರ ಕಟ್ಟಿಕೊಂಡರೆ ಅಥವಾ ತಿಳಿಯದೆ ಹೋದರೆ, ಕೂರುವ ಜಾಗ ಮರಗಟ್ಟಿದರೆ, ಕೈಕಾಲು ಅಥವಾ ಮುಖದ ಒಂದು ಬದಿ ಇದ್ದಕ್ಕಿದ್ದಂತೆ ಸೋತರೆ, ಬೆಳಗಾಗಲಿ, ಸಂತೆ ಮುಗಿಯಲಿ ಎಂದು ಕಾಯಬೇಡಿ. ಅಂದೇ, ಆಗಲೇ ಹೊರಡಿ.

ಬಂಧುಗಳೇ, ಬೆನ್ನುಹುರಿ ನಮ್ಮನ್ನು ಕೇಳದೆ, ಸಂಬಳ ಬೇಡದೆ, ಹಗಲಿರುಳು ಕಾಯುವ ಕಾವಲುಗಾರ. ಅದಕ್ಕೆ ಸುದ್ದಿ ಮುಟ್ಟದ ಕಡೆ ನಮ್ಮ ಕಣ್ಣು ಆ ಕೆಲಸ ಮಾಡಬೇಕು. ಆದ್ದರಿಂದ ಈ ರಾತ್ರಿ ಮಲಗುವ ಮೊದಲು ಮನೆಯ ಹಿರಿಯರ ಕಾಲು ತೊಳೆದು ಒರೆಸಿ, ದೀಪದ ಬೆಳಕಿನಲ್ಲಿ ಅಂಗಾಲನ್ನೂ ಬೆರಳ ಸಂದುಗಳನ್ನೂ ನೋಡಿ. ಒಬ್ಬರೇ ಇರುವವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಿಕೊಳ್ಳಿ. ಗುಳ್ಳೆ, ಬಿರುಕು, ಕೆಂಪು, ಕೀವು ಏನೇ ಕಂಡರೂ, ನೋವಿರಲಿ ಇಲ್ಲದಿರಲಿ, ನಾಳೆ ಬೆಳಿಗ್ಗೆ ಬಂದು ತೋರಿಸಿ.